ಪೇಟಿ ಕಲಿತ ಕೈಗೆ ಪಿಯಾನೊ

ಪಿಯಾನೊದಲ್ಲಿ ನುಡಿಸಿದ ಸ್ವರ ಹುಟ್ಟಿದ ಕ್ಷಣದಿಂದಲೇ ಸಣ್ಣದಾಗತೊಡಗುತ್ತದೆ. ಬೆರಳನ್ನು ಎತ್ತದೆ ಒತ್ತಿಯೇ ಹಿಡಿದಿದ್ದರೂ ಅದು ಬೆಳೆಯುವುದಿಲ್ಲ, ಇದ್ದ ಮಟ್ಟದಲ್ಲಿ ನಿಲ್ಲುವುದೂ ಇಲ್ಲ. ಹೀಗಿದ್ದೂ ಈ ವಾದ್ಯಕ್ಕಾಗಿ ಬರೆದ ಸಂಗೀತದ ಬಹುಭಾಗ, ಅದರಲ್ಲೂ ನನ್ನನ್ನು ಹಿಡಿದು ನಿಲ್ಲಿಸಿದ ಭಾಗವೆಲ್ಲ, ಹಾಡಿನಂತೆ ಕೇಳಿಸಬೇಕೆಂದು ಬಯಸುತ್ತದೆ. ಹಾಡುವುದೆಂದರೆ ಸ್ವರವನ್ನು ಉಸಿರಿನಿಂದ ಹಿಡಿದು ನಿಲ್ಲಿಸುವುದು, ಬೇಕೆಂದಲ್ಲಿ ಅದನ್ನು ತುಂಬಿಸುವುದು, ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆ ಕಡಿಯದಂತೆ ಸಾಗುವುದು. ಈ ಮೂರರಲ್ಲಿ ಒಂದನ್ನೂ ಮಾಡಲಾಗದ ವಾದ್ಯದಿಂದ ಹಾಡನ್ನು ಹೊರಡಿಸುವುದು ಹೇಗೆ ಎಂಬ ಪ್ರಶ್ನೆ ಪಿಯಾನೊ ಕಲಿಯುವ ಎಲ್ಲರಿಗೂ ಎದುರಾಗುತ್ತದೆ. ಪೇಟಿಯಿಂದ, ಅಂದರೆ ಹಾರ್ಮೋನಿಯಂನಿಂದ, ಪಿಯಾನೊಕ್ಕೆ ಬಂದ ನನ್ನಂಥವನಿಗೆ ಅದು ಇನ್ನಷ್ಟು ತೀವ್ರವಾಗಿ ಎದುರಾಗುತ್ತದೆ, ಏಕೆಂದರೆ ನೋಡಲು ಒಂದೇ ಬಗೆಯ ಬಿಳಿ-ಕಪ್ಪು ಸಾಲನ್ನು ಹೊತ್ತಿರುವ ಈ ಎರಡು ವಾದ್ಯಗಳು ಸ್ವರವನ್ನು ನಡೆಸಿಕೊಳ್ಳುವ ರೀತಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ.

ನಮ್ಮ ಮನೆಯಲ್ಲಿ ಸಂಗೀತವೆಂದರೆ ಭಜನೆ. ಜೇವರ್ಗಿ ಕಡೆಯ ನಮ್ಮ ಊರಿನಲ್ಲಿ ಅಮಾವಾಸ್ಯೆಯ ರಾತ್ರಿಗಳಲ್ಲಿ ಮಠದ ಕಟ್ಟೆಯ ಮೇಲೆ ಕೂತು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುತ್ತಿದ್ದರು. ಏಕತಾರಿ, ದಮ್ಮಡಿ, ತಾಳ, ಜೊತೆಗೆ ನಮ್ಮ ಕಾಕಾ ಅವರ ಪೇಟಿ. ನಾನು ಸ್ವರ ಗುರುತಿಸಲು ಕಲಿತದ್ದು ಅವರ ಪಕ್ಕದಲ್ಲಿ ಕೂತು. ಬಲಗೈ ಹಾಡನ್ನು ಹಿಂಬಾಲಿಸುತ್ತದೆ, ಎಡಗೈ ತಿದಿ ಒತ್ತುತ್ತದೆ. ಹಾಡುಗಾರ ಎತ್ತರದ ಸ್ವರದಲ್ಲಿ ನಿಂತಾಗ ಎಡಗೈ ಸ್ವಲ್ಪ ಬಿರುಸಾಗಿ, ಅವನು ಇಳಿದಾಗ ಮೆಲ್ಲಗೆ. ಮುಂದೆ ಕೆಲಸದ ನಿಮಿತ್ತ ಹೈದರಾಬಾದಿನಲ್ಲಿದ್ದಾಗ ಸಿಕಂದರಾಬಾದಿನ ಒಬ್ಬ ಹಿರಿಯ ಶಿಕ್ಷಕಿಯ ಬಳಿ ಪಿಯಾನೊ ಕಲಿಯಲು ಆರಂಭಿಸಿದೆ. ಕಲಬುರಗಿಗೆ ಮರಳಿದ ಮೇಲೂ ಆಗಾಗ ತಾಂಡೂರು ಮಾರ್ಗದ ರೈಲು ಹಿಡಿದು ಅವರಲ್ಲಿಗೆ ಹೋಗಿಬರುತ್ತೇನೆ. ಉಳಿದ ದಿನಗಳಿಗೆ ಮನೆಯಲ್ಲಿ ಒಂದು ಡಿಜಿಟಲ್ ಪಿಯಾನೊ ಇದೆ, 88 ಕೀಗಳದ್ದು, ನಿಜವಾದ ಪಿಯಾನೊದಷ್ಟೇ ತೂಕವನ್ನು ಬೆರಳಿಗೆ ಕೊಡುವಂಥದ್ದು.

ಆ ವಾದ್ಯ ಮನೆಗೆ ಬಂದ ಸುದ್ದಿ ಕೇಳಿ ಕಾಕಾ ಊರಿನಿಂದ ಬಂದಿದ್ದರು. ಸ್ಟೂಲಿನ ಮೇಲೆ ಕೂತು ಮೊದಲು ಎಡಗೈಯನ್ನು ವಾದ್ಯದ ಹಿಂಬದಿಗೆ ಚಾಚಿದರು. ಅಲ್ಲಿ ತಿದಿ ಇರಲಿಲ್ಲ. ಕೈಯನ್ನು ಹಿಂದಕ್ಕೆ ತಂದು ತೊಡೆಯ ಮೇಲಿಟ್ಟುಕೊಂಡು, ಬಲಗೈಯಿಂದ ಕಾಳಿ ಒಂದನ್ನು, ಅಂದರೆ ಸಪ್ತಕದ ಮೊದಲ ಕಪ್ಪು ಕೀಯನ್ನು, ಷಡ್ಜವಾಗಿ ಹಿಡಿದು ಕಾದರು. ಸ್ವರ ಇಳಿಯುತ್ತಿರುವುದು ಕಿವಿಗೆ ಬಿದ್ದೊಡನೆ ಅವರ ಬೆರಳು ತಾನಾಗಿ ಇನ್ನಷ್ಟು ಬಿಗಿಯಿತು, ಮೊಣಕೈ ಅಲುಗಿತು, ಭುಜ ಮುಂದಕ್ಕೆ ಬಂತು. ಯಾವುದರಿಂದಲೂ ಏನೂ ಆಗಲಿಲ್ಲ. “ಸ್ವರ ನಿಂದ್ರವಲ್ದಲ್ಲೋ ತಮ್ಮಾ. ಒತ್ತಿ ಹಿಡದ್ರೂ ಸಣ್ಣಾಗ್ಲತ್ತದ” ಎಂದರು. ಮತ್ತೊಮ್ಮೆ ಅದೇ ಕೀಯನ್ನು ನುಡಿಸಿ, ಕಣ್ಣು ಮುಚ್ಚಿ, ಸದ್ದು ಪೂರ್ತಿ ಅಡಗುವವರೆಗೆ ಕೇಳಿದರು. ಆಮೇಲೆ ತಮಗೆ ಬಾಯಿಪಾಠವಾಗಿರುವ ಒಂದು ಪದದ ಮೊದಲ ಸಾಲನ್ನು ನುಡಿಸಿದರು. ಸ್ವರಗಳೆಲ್ಲ ಸರಿಯಾಗಿದ್ದವು, ಆದರೆ ಅವು ಸಾಲಾಗಿ ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಬಿದ್ದವು. ಪೇಟಿಯಲ್ಲಿ ಅವುಗಳನ್ನು ಕೂಡಿಸುತ್ತಿದ್ದದ್ದು ತಿದಿಯ ಗಾಳಿ. ಗಾಳಿ ಇಲ್ಲದ ಕಡೆ ಆ ಕೆಲಸವನ್ನು ಯಾವುದು ಮಾಡಬೇಕು ಎಂಬುದೇ ಪಿಯಾನೊ ಕಲಿಕೆಯ ಮುಖ್ಯ ಪ್ರಶ್ನೆಯೆಂದು ನಾನು ಈಗಲೂ ನಂಬಿದ್ದೇನೆ. ಕಾಕಾ ಅದನ್ನು ಒಂದೇ ಸಲ ಕೂತು ಕಂಡುಕೊಂಡಿದ್ದರು.

ಸುತ್ತಿಗೆ ಕೈಬಿಡುವ ಜಾಗ

ಪೇಟಿಯ ಕೀ ಗಾಳಿಗೆ ದಾರಿ ತೆರೆಯುತ್ತದೆ, ಅಷ್ಟೇ. ದಾರಿ ತೆರೆದಿರುವವರೆಗೆ, ತಿದಿಯಲ್ಲಿ ಗಾಳಿ ಇರುವವರೆಗೆ, ರೀಡು ಕಂಪಿಸುತ್ತದೆ. ಕೀಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದಿನಲ್ಲಿ ವ್ಯತ್ಯಾಸ ಆಗುವುದಿಲ್ಲ. ಸದ್ದಿನ ಏರಿಳಿತ ಪೂರ್ತಿಯಾಗಿ ಎಡಗೈಗೆ ಸೇರಿದ್ದು. ಪಿಯಾನೊದಲ್ಲಿ ಇದು ತಲೆಕೆಳಗಾಗುತ್ತದೆ: ಸದ್ದಿನ ಏರಿಳಿತ ಕೀಯನ್ನು ಒತ್ತುವ ಬೆರಳಿನಲ್ಲೇ ಇದೆ, ಆದರೆ ಅದು ಇರುವುದು ಒಂದು ಅತ್ಯಲ್ಪ ಅವಧಿಗೆ ಮಾತ್ರ. ಕೀ ಕೆಳಗಿಳಿಯುವುದು ಸುಮಾರು ಒಂದು ಸೆಂಟಿಮೀಟರಿನಷ್ಟು. ಅದನ್ನು ಇಳಿಸಲು ಬೇಕಾಗುವ ಭಾರ ಸುಮಾರು 50 ಗ್ರಾಂ. ಆ ಒಂದು ಸೆಂಟಿಮೀಟರಿನ ಪಯಣದ ಕೊನೆಯ ಭಾಗದಲ್ಲಿ, ಕೀ ಎಬ್ಬಿಸುವ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಇನ್ನೂ ಒಂದೆರಡು ಮಿಲಿಮೀಟರ್ ದೂರವಿರುವಾಗಲೇ, ಕೀಗೂ ಸುತ್ತಿಗೆಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಸುತ್ತಿಗೆ ತನಗೆ ಸಿಕ್ಕ ವೇಗದಿಂದ ಹಾರಿಹೋಗಿ ತಂತಿಯನ್ನು ಬಡಿದು ಹಿಂದಕ್ಕೆ ಬೀಳುತ್ತದೆ. 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಮೆದಿಚಿ ಮನೆತನದ ಆಶ್ರಯದಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಕಟ್ಟಿದ ಮೊದಲ ಪಿಯಾನೊಗಳ ಸಾರ ಇದೇ. ಸುತ್ತಿಗೆ ಕೈಬಿಡದೆ ತಂತಿಗೆ ಒತ್ತಿಕೊಂಡೇ ಇದ್ದಿದ್ದರೆ ತಂತಿ ಕಂಪಿಸಲು ಆಗುತ್ತಿರಲಿಲ್ಲ.

ಹಾಗಾಗಿ ಕೀ ತಳ ಮುಟ್ಟಿದ ಮೇಲೆ ಬೆರಳು ಮಾಡಬಹುದಾದ ಕೆಲಸ ಒಂದೇ ಉಳಿಯುತ್ತದೆ, ಸ್ವರ ಯಾವಾಗ ನಿಲ್ಲಬೇಕೆಂದು ತೀರ್ಮಾನಿಸುವುದು. ಬೆರಳು ಎದ್ದಾಗ ಡ್ಯಾಂಪರ್ ತಂತಿಯ ಮೇಲೆ ಇಳಿದು ಸದ್ದನ್ನು ಅಡಗಿಸುತ್ತದೆ. ಆ ಕಾಲದಲ್ಲೇ ಬಳಕೆಯಲ್ಲಿದ್ದ ಕ್ಲಾವಿಕಾರ್ಡ್ ಎಂಬ ಸಣ್ಣ ವಾದ್ಯದಲ್ಲಿ ಕೀಯ ತುದಿಯ ಲೋಹದ ಚೂರು ತಂತಿಗೆ ತಾಗಿಕೊಂಡೇ ಇರುತ್ತಿತ್ತು. ನುಡಿಸುವವರು ಬೆರಳನ್ನು ಅಲುಗಿಸಿ ಸ್ವರವನ್ನು ಕಂಪಿಸಬಹುದಿತ್ತು. ಆದರೆ ಅದರ ಸದ್ದು ಒಂದು ಕೋಣೆಯನ್ನು ತುಂಬಲೂ ಸಾಲುತ್ತಿರಲಿಲ್ಲ. ಪಿಯಾನೊ ಸ್ವರದ ಮೇಲಿನ ಹಿಡಿತವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಪಿಸುಮಾತಿನಿಂದ ಗುಡುಗಿನವರೆಗಿನ ವಿಸ್ತಾರವನ್ನು ಪಡೆಯಿತು. ಒಂದು ಸ್ವರವನ್ನು ಒಂಟಿಯಾಗಿ ತೆಗೆದುಕೊಂಡರೆ ಅದರ ಗುಣ ಹೆಚ್ಚುಕಡಿಮೆ ಸುತ್ತಿಗೆಯ ವೇಗಕ್ಕೇ ಬಿಟ್ಟದ್ದು. ನನ್ನ ಡಿಜಿಟಲ್ ಪಿಯಾನೊ ಇದಕ್ಕೆ ಒಳ್ಳೆಯ ಸಾಕ್ಷಿ: ಅದರ ಸೆನ್ಸರುಗಳು ಕೀ ಇಳಿದ ವೇಗವನ್ನು ಅಳೆಯುತ್ತವೆಯೇ ಹೊರತು ಬೆರಳಿನ ಪ್ರೀತಿಯನ್ನಾಗಲಿ ಒತ್ತಡವನ್ನಾಗಲಿ ತಿಳಿಯುವುದಿಲ್ಲ, ಆದರೂ ಬಲ್ಲವರು ಕೂತರೆ ಅದರಲ್ಲೂ ಹಾಡು ಹೊರಡುತ್ತದೆ. ಅಂದಮೇಲೆ ಹಾಡು ಇರುವುದು ಸ್ವರದ ಒಳಗಲ್ಲ. ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವಿನ ಅಂತರದಲ್ಲಿ, ಅವುಗಳ ಜೋರಿನ ತಾರತಮ್ಯದಲ್ಲಿ, ಎರಡೂ ಎಷ್ಟು ಹೊತ್ತು ಒಟ್ಟಿಗೆ ಕೇಳಿಸುತ್ತವೆ ಎಂಬುದರಲ್ಲಿ ಅದು ಇದೆ. ಜರ್ಮನ್ ಸಂಯೋಜಕ ಬಾಕ್ 1723ರಲ್ಲಿ, ಕಲಿಯುವವರಿಗೆಂದು ಬರೆದ ಕಿರುಕೃತಿಗಳಾದ ತನ್ನ ಇನ್ವೆನ್ಶನ್‌ಗಳ ಹಸ್ತಪ್ರತಿಗೆ ಬರೆದ ಮುನ್ನುಡಿಯಲ್ಲಿ, ಇವುಗಳ ಅಭ್ಯಾಸದಿಂದ ಮುಖ್ಯವಾಗಿ ಹಾಡುವಂತೆ ನುಡಿಸುವ ರೀತಿಯನ್ನು ಸಾಧಿಸಬೇಕೆಂದು ಹೇಳಿದ್ದಾನೆ. ತಂತಿ ಮೀಟಿದೊಡನೆ ಸ್ವರ ಇಳಿಯತೊಡಗುವ ಹಾರ್ಪ್ಸಿಕಾರ್ಡ್ ಕಾಲದಲ್ಲೇ ಬಂದ ಮಾತು ಅದು. ಪಿಯಾನೊ ಎಲ್ಲೆಡೆ ಹರಡುವ ಮೊದಲೇ ಈ ಬೇಡಿಕೆ ಇತ್ತು.

ಇಲ್ಲಿ ಪೇಟಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿದಾಗ ಅದರ ಮೇಲಿದ್ದ ಮುಖ್ಯ ಆಕ್ಷೇಪ, ಅದರಲ್ಲಿ ಮೀಂಡ್ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲು ಆಗುವುದಿಲ್ಲ, ಶ್ರುತಿಗಳು ಕೂಡುವುದಿಲ್ಲ ಎಂಬುದು. ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಆ ಆಕ್ಷೇಪಗಳೆಲ್ಲ ಪಿಯಾನೊಕ್ಕೂ ಅನ್ವಯಿಸುತ್ತವೆ. ಆದರೆ ಪೇಟಿಗೆ ಉಸಿರಿದೆ, ಪಿಯಾನೊಕ್ಕೆ ಅದೂ ಇಲ್ಲ. ಭಜನೆಯ ಪೇಟಿ ನುಡಿಸುವವರು ಜಾರಲಾಗದ ಕೊರತೆಯನ್ನು ಗಾಳಿಯ ಏರಿಳಿತದಿಂದ ಹೇಗೆ ತುಂಬಿಕೊಡುತ್ತಾರೆಂದು ಕೇಳಿ ಬೆಳೆದವರಿಗೆ, ಕೊರತೆಯಿರುವ ವಾದ್ಯದಿಂದಲೂ ಹಾಡನ್ನು ಪಡೆಯಬಹುದೆಂಬ ಭರವಸೆ ಮೊದಲೇ ಇರುತ್ತದೆ.

ಎಡಗೈಗೆ ಬಂದ ಹೊಸ ಕೆಲಸ

ಪೇಟಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ. ದೇಹ ಸ್ವಲ್ಪ ಓರೆಯಾಗಿರುತ್ತದೆ, ಎಡಭುಜ ಮುಂದಕ್ಕೆ ಬಂದಿರುತ್ತದೆ, ಬಲಗೈಯ ಬೆರಳುಗಳು ಹೆಚ್ಚುಕಡಿಮೆ ಚಪ್ಪಟೆಯಾಗಿ ಕೀಗಳ ಮೇಲೆ ಓಡಾಡುತ್ತವೆ. ಬೆರಳಿಗೆ ಭಾರದ ಅಗತ್ಯವಿಲ್ಲದ ಕಾರಣ ಕೈ ಗಾಳಿಯಲ್ಲಿ ತೇಲುತ್ತಿರುತ್ತದೆ. ಪಿಯಾನೊದ ಮುಂದೆ ಈ ತೇಲುವ ಕೈ ನಿಷ್ಪ್ರಯೋಜಕ. ಅಲ್ಲಿ ಬೆನ್ನು ನೇರವಾಗಿರಬೇಕು, ಪಾದಗಳು ನೆಲಕ್ಕೆ ಊರಿರಬೇಕು, ಭುಜ ಇಳಿದಿರಬೇಕು, ಮುಂಗೈ ಕೀಗಳ ಮಟ್ಟಕ್ಕೆ ಸಮವಾಗಿರಬೇಕು, ಮತ್ತು ತೋಳಿನ ಭಾರ ಯಾವ ತಡೆಯೂ ಇಲ್ಲದೆ ಬೆರಳಿನ ತುದಿಯವರೆಗೆ ಹರಿದುಬರಬೇಕು. ಭಾರವನ್ನು ಬಿಡುವುದು ಬಲವನ್ನು ಹಾಕುವುದಕ್ಕಿಂತ ಕಷ್ಟ. ನಮ್ಮ ದೇಹ ಕಠಿಣವಾದ ಕೆಲಸ ಎದುರಾದಾಗ ಬಿಗಿದುಕೊಳ್ಳುತ್ತದೆ. ಪಿಯಾನೊ ಅದೇ ಹೊತ್ತಿಗೆ ಸಡಿಲವಾಗೆಂದು ಕೇಳುತ್ತದೆ. ಈ ವಿರೋಧವನ್ನು ಲಘುವಾಗಿ ಕಂಡವರಿಗೆ ಅದು ದೊಡ್ಡ ಬೆಲೆ ಕೇಳಿದ ಉದಾಹರಣೆಗಳಿವೆ. ಸಂಯೋಜಕ ರಾಬರ್ಟ್ ಶೂಮನ್ 1830ರ ದಶಕದ ಆರಂಭದಲ್ಲಿ ಬಲಗೈಯ ಬೆರಳಿನ ಸ್ವಾಧೀನ ಕಳೆದುಕೊಂಡು ವಾದಕನಾಗುವ ಆಸೆಯನ್ನೇ ಬಿಡಬೇಕಾಯಿತು. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈಯ ಬೆರಳುಗಳು 1960ರ ದಶಕದ ಮಧ್ಯದಲ್ಲಿ ತಾವಾಗಿ ಒಳಕ್ಕೆ ಮಡಚಿಕೊಳ್ಳತೊಡಗಿದವು. ನರಗಳ ಆ ತೊಂದರೆಯಿಂದಾಗಿ ಅವರು ದಶಕಗಳ ಕಾಲ ಎಡಗೈಗಾಗಿಯೇ ಬರೆದ ಕೃತಿಗಳನ್ನು ನುಡಿಸುತ್ತ, ಪಾಠ ಹೇಳುತ್ತ ಕಳೆದರು. ಬೆರಳು ನೋಯತೊಡಗಿದ ಕೂಡಲೇ ನಿಲ್ಲಿಸಬೇಕು ಎಂಬುದನ್ನು ನಾನು ಯಾರಿಗಾದರೂ ಹೇಳುವುದಾದರೆ ಬೇರೆಲ್ಲಕ್ಕಿಂತ ಮೊದಲು ಹೇಳುತ್ತೇನೆ.

ಪೇಟಿಯಿಂದ ಬಂದವರಿಗೆ ಎಡಗೈಯ ವಿಷಯವೇ ಬೇರೆ. ಇಷ್ಟು ವರ್ಷ ಅದು ತಿದಿ ಒತ್ತಿದೆ, ಅದಕ್ಕೆ ಒಂದೇ ಒಂದು ಸ್ವರದ ಪರಿಚಯವೂ ಇಲ್ಲ. ಆದರೆ ಅದಕ್ಕೆ ಗೊತ್ತಿರುವ ಸಂಗತಿಯೊಂದು ಬಲಗೈಗೆ ಗೊತ್ತಿಲ್ಲ: ಹಾಡುಗಾರನ ಉಸಿರು ಎಲ್ಲಿ ತುಂಬುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಎಡಗೈ ಬಲ್ಲದು. ಬಾಕ್‌ನ ಎರಡು ಧ್ವನಿಗಳ ಒಂದು ಇನ್ವೆನ್ಶನ್ ಕಲಿಯುವಾಗ ನನಗಿದು ಸ್ಪಷ್ಟವಾಯಿತು. ಅಲ್ಲಿ ಎಡಗೈ ಬಲಗೈಯ ಸೇವೆಗೆ ಇಲ್ಲ. ಬಲಗೈ ಹೇಳಿದ್ದನ್ನೇ ಸ್ವಲ್ಪ ತಡವಾಗಿ ತಾನೂ ಹೇಳುತ್ತದೆ, ಆಮೇಲೆ ತಾನೇ ಮುಂದೆ ಹೋಗುತ್ತದೆ. ಬೆರಳುಗಳು ನಿಧಾನವಾಗಿ ಕಲಿತವು, ಆದರೆ ಸಾಲು ಎಲ್ಲಿ ಉಬ್ಬಬೇಕೆಂಬುದನ್ನು ಎಡಗೈ ಬಲಗೈಗಿಂತ ಮೊದಲು ಹಿಡಿಯಿತು. ಒಂದೇ ಎಡಗೈ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ ಪಾಲ್ ವಿಟ್ಗೆನ್‌ಸ್ಟೈನ್‌ಗಾಗಿ ಫ್ರೆಂಚ್ ಸಂಯೋಜಕ ರಾವೆಲ್ ಬರೆದ, 1932ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಲಾದ ಕಾನ್ಸರ್ಟೊವನ್ನು, ಅಂದರೆ ವಾದ್ಯವೃಂದದ ಜೊತೆ ನುಡಿಸುವ ಪಿಯಾನೊ ಕೃತಿಯನ್ನು, ಕೇಳಬೇಕು. ಕಣ್ಣು ಮುಚ್ಚಿ ಕೇಳಿದರೆ ಎರಡು ಕೈಗಳಿಲ್ಲವೆಂದು ನಂಬುವುದು ಕಷ್ಟ.

ಪೇಟಿಯ ಕೈ ಜೊತೆಗೆ ತಂದ ಇನ್ನೊಂದು ಒಳ್ಳೆಯದಿದೆ. ಭಜನೆಯಲ್ಲಿ ಹಾಡುಗಾರನ ಕಂಠಕ್ಕೆ ತಕ್ಕಂತೆ ಕಾಳಿ ಒಂದು, ಕಾಳಿ ಐದು ಎಂದು ಕಪ್ಪು ಕೀಗಳಲ್ಲಿ ಷಡ್ಜ ಹಿಡಿಯುವುದು ರೂಢಿ. ಪಾಶ್ಚಾತ್ಯ ಪದ್ಧತಿಯ ಮಕ್ಕಳು ಬಿಳಿ ಕೀಗಳ ಸಿ ಮೇಜರ್ ಎಂಬ ಸ್ವರಶ್ರೇಣಿಯಿಂದ ಆರಂಭಿಸಿ ಕಪ್ಪು ಕೀಗಳಿಗೆ ಹೆದರುತ್ತ ಬೆಳೆಯುತ್ತಾರೆ. ಪಿಯಾನೊ ಸಂಯೋಜಕ ಶೋಪಾನ್ ತನ್ನ ಶಿಷ್ಯರಿಗೆ ಇದರ ವಿರುದ್ಧವಾಗಿ ಕಲಿಸುತ್ತಿದ್ದ. ಉದ್ದನೆಯ ನಡುಬೆರಳುಗಳು ಎತ್ತರದ ಕಪ್ಪು ಕೀಗಳ ಮೇಲೆ, ಗಿಡ್ಡನೆಯ ಹೆಬ್ಬೆರಳು-ಕಿರುಬೆರಳುಗಳು ಬಿಳಿ ಕೀಗಳ ಮೇಲೆ ಇರುವುದೇ ಕೈಗೆ ಸಹಜವೆಂದೂ, ಓದಲು ಸುಲಭವಾದ ಸಿ ಮೇಜರ್ ಕೈಗೆ ಅತ್ಯಂತ ಕಠಿಣವೆಂದೂ ಅವನ ನಿಲುವು. ಎಲ್ಲ ಬೆರಳುಗಳಿಗೂ ಸಮಾನ ಬಲ ತರಿಸುವ ಪ್ರಯತ್ನವೂ ಅವನಿಗೆ ಸರಿಕಂಡಿರಲಿಲ್ಲ; ಪ್ರತಿ ಬೆರಳಿನ ರಚನೆಯೇ ಬೇರೆಯಾದ್ದರಿಂದ ಪ್ರತಿಯೊಂದರ ಸ್ಪರ್ಶದ ಸೊಗಸನ್ನು ಉಳಿಸಿ ಬೆಳೆಸಬೇಕೆಂದು ತಾನು ಬರೆಯಲು ತೊಡಗಿ ಮುಗಿಸದೆ ಬಿಟ್ಟ ಪಾಠದ ಟಿಪ್ಪಣಿಗಳಲ್ಲಿ ಹೇಳಿದ್ದಾನೆ. ಉಂಗುರದ ಬೆರಳನ್ನು ಎತ್ತಿ ಎತ್ತಿ ದಣಿಸುವ ಅಭ್ಯಾಸಗಳ ಪುಸ್ತಕಗಳಿಗಿಂತ ಈ ಒಂದು ಮಾತಿನಲ್ಲಿ ಹೆಚ್ಚು ವಿವೇಕವಿದೆ ಎಂದು ನನಗನ್ನಿಸುತ್ತದೆ.

ಉಳಿದಷ್ಟರಿಂದ ಮುಂದಿನದು

ಸಿಕಂದರಾಬಾದಿನ ಆ ಮನೆ ಒಂದು ಗದ್ದಲದ ಓಣಿಯಲ್ಲಿದೆ. ಶಿಕ್ಷಕಿಯ ಹಳೆಯ, ತಂತಿಗಳು ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೊ ಕಿಟಕಿಯಿಂದ ದೂರದ ಗೋಡೆಗೆ ಇದೆ. ಒಂದು ದಿನ ಅವರು ಯಾವ ಕೃತಿಯನ್ನೂ ತೆರೆಯದೆ, ಬರೀ ಐದು ಸ್ವರಗಳನ್ನು ಒಂದರ ನಂತರ ಒಂದು ನುಡಿಸಲು ಹೇಳಿದರು, ಒಂದು ನಿಬಂಧನೆಯೊಂದಿಗೆ. ಮೊದಲನೆಯ ಸ್ವರವನ್ನು ತುಂಬು ಸದ್ದಿನಿಂದ ನುಡಿಸಿ ಕಾಯಬೇಕು. ಅದು ಇಳಿದು ಎಷ್ಟು ಉಳಿದಿದೆಯೋ ಸರಿಯಾಗಿ ಅಷ್ಟೇ ಸದ್ದಿನಿಂದ ಎರಡನೆಯದನ್ನು ಆರಂಭಿಸಬೇಕು. ಎರಡನೆಯದು ಇಳಿದಷ್ಟಕ್ಕೆ ಮೂರನೆಯದು. ನಾನು ನುಡಿಸಿದೆ. ಅವರು ಏನೂ ಹೇಳದೆ ನನ್ನ ಮಣಿಕಟ್ಟಿನ ಕೆಳಗೆ ತಮ್ಮ ಎರಡು ಬೆರಳುಗಳನ್ನಿಟ್ಟು ಅದನ್ನು ಎತ್ತಿದರು. ಮಣಿಕಟ್ಟು ಮರದ ತುಂಡಿನಂತೆ ಬಿಗಿದಿತ್ತು. ಕೈ ಸಡಿಲವಾಗುವವರೆಗೆ ಹಾಗೆಯೇ ಹಿಡಿದಿದ್ದು, ಮತ್ತೆ ನುಡಿಸಲು ಹೇಳಿ, ಈ ಬಾರಿ ಪ್ರತಿ ಸ್ವರ ಇಳಿಯುತ್ತಿರುವಾಗ ತಾವೇ ಮೆಲುದನಿಯಲ್ಲಿ ಅದನ್ನು ಹಾಡುತ್ತ ನಿಂತರು. ಹೊರಗೆ ಆಟೊ ಹೋದರೆ ಅದು ದಾಟುವವರೆಗೆ ತಡೆದು ಆರಂಭದಿಂದ ಮತ್ತೆ ಮಾಡಿಸಿದರು. ಎಷ್ಟೋ ಹೊತ್ತಿನ ನಂತರ ಒಮ್ಮೆ ಎರಡನೆಯ ಸ್ವರ ಮೊದಲನೆಯದರ ಒಳಗಿನಿಂದಲೇ ಬಂದಿತು. ಬಡಿತದ ಸದ್ದೇ ಕೇಳಿಸಲಿಲ್ಲ; ಸ್ವರ ಬದಲಾಯಿತು ಎಂದಷ್ಟೇ ಕೇಳಿಸಿತು. ಅವರು ಹಾಡುವುದನ್ನು ನಿಲ್ಲಿಸಿ ತಲೆಯಾಡಿಸಿದರು.

ಅಂದಿನಿಂದ ನಾನು ಪಿಯಾನೊದ ತಂತ್ರವನ್ನು ಬೆರಳಿನ ವಿದ್ಯೆಯೆಂದು ಕರೆಯುವುದನ್ನು ಬಿಟ್ಟಿದ್ದೇನೆ. ಎರಡನೆಯ ಸ್ವರ ಎಷ್ಟು ಸದ್ದಿನಿಂದ ಬರಬೇಕೆಂಬುದು ಮೊದಲನೆಯದು ಎಷ್ಟು ಉಳಿದಿದೆ ಎಂಬುದನ್ನು ಅವಲಂಬಿಸಿದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಕೇಳಬೇಕು. ಕೇಳಿದ್ದನ್ನು ಕೀ ಇಳಿಯುವ ಮುಂಚೆಯೇ ತೋಳಿಗೆ ತಲುಪಿಸಬೇಕು, ಏಕೆಂದರೆ ಸುತ್ತಿಗೆ ಹಾರಿದ ಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ. ಪೇಟಿಯಲ್ಲಿ ಕಿವಿ ಸ್ವರದ ಜೊತೆಗೆ ನಡೆಯುತ್ತದೆ, ಸ್ವರ ತಪ್ಪಿದರೆ ಗಾಳಿಯನ್ನು ತಿದ್ದುತ್ತದೆ. ಪಿಯಾನೊದಲ್ಲಿ ಕಿವಿಗೆ ಎರಡು ಕಾಲಗಳಲ್ಲಿ ಕೆಲಸ: ಹೋಗುತ್ತಿರುವ ಸ್ವರವನ್ನು ಕೇಳಬೇಕು, ಬರಬೇಕಾದ ಸ್ವರವನ್ನು ಮೊದಲೇ ಕೇಳಿಕೊಂಡಿರಬೇಕು. ಸಾಲು ಮೇಲೇರಿ ಬೆಳೆಯಬೇಕಾದ ಕಡೆ ಹೊಸ ಸ್ವರ ಉಳಿದದ್ದಕ್ಕಿಂತ ಜೋರಾಗಿಯೇ ಬರಬೇಕಾಗುತ್ತದೆ, ಆಗ ಬಡಿತ ಎದ್ದು ಕಾಣುತ್ತದೆ. ಅದನ್ನು ಮರೆಸಲು ಕೆಳಗಿನ ಕೈಯ ಸ್ವರಗಳನ್ನೂ, ಡ್ಯಾಂಪರುಗಳನ್ನೆಲ್ಲ ಎತ್ತಿಹಿಡಿದು ಸ್ವರಗಳನ್ನು ಮೊಳಗಲು ಬಿಡುವ ಕಾಲಿನ ಪೆಡಲನ್ನೂ ಬಳಸಬೇಕು. ಅಭ್ಯಾಸದ ಆ ಐದು ಸ್ವರಗಳ ಒಳಗೆ ಇಡೀ ಕಲೆ ಇತ್ತು.

ಸ್ವರ ಇಳಿಯುವ ಬಗೆಯೂ ಸರಳವಲ್ಲ. ಪಿಯಾನೊದ ಹೆಚ್ಚಿನ ಸ್ವರಗಳಿಗೆ ತಲಾ ಮೂರು ತಂತಿಗಳಿವೆ, ಕೆಳಗಿನ ಸ್ವರಗಳಿಗೆ ಎರಡು, ತೀರ ಕೆಳಗಿನವುಗಳಿಗೆ ಒಂದು. ಮೂರು ತಂತಿಗಳು ಒಟ್ಟಿಗೆ ಕಂಪಿಸುವಾಗ ಸದ್ದು ಮೊದಲು ಬೇಗನೆ ಇಳಿದು, ಆಮೇಲೆ ಒಂದು ತೆಳುವಾದ ಉಳಿಕೆ ಸದ್ದಾಗಿ ಬಹಳ ಹೊತ್ತು ನಿಲ್ಲುತ್ತದೆ. ತಂತಿಗಳ ನಡುವಿನ ಕೊಡುಕೊಳ್ಳುವಿಕೆಯಿಂದ ಹೀಗಾಗುತ್ತದೆಂದು ಭೌತವಿಜ್ಞಾನಿ ಗೇಬ್ರಿಯೆಲ್ ವೈನ್‌ರೈಕ್ 1977ರಲ್ಲಿ ವಿವರಿಸಿದರು. ನಾವು ಹಾಡು ಕಟ್ಟುವುದು ಈ ಉಳಿಕೆ ಸದ್ದಿನ ಮೇಲೆ. ಕಲಬುರಗಿಯ ಬೇಸಿಗೆಯಲ್ಲಿ ಅದನ್ನು ಕೇಳುವುದೇ ಒಂದು ಕಷ್ಟ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಕೂಲರ್ ಇಲ್ಲದೆ ಕೋಣೆಯಲ್ಲಿ ಕೂರಲಾಗುವುದಿಲ್ಲ, ಮತ್ತು ಕೂಲರಿನ ಮೊರೆತ ಸ್ವರದ ಮೊದಲ ಭಾಗವನ್ನು ಬಿಟ್ಟು ಉಳಿದದ್ದನ್ನೆಲ್ಲ ನುಂಗಿಹಾಕುತ್ತದೆ. ಹಾಗೆ ನುಡಿಸುತ್ತ ಹೋದರೆ ಬಡಿತಗಳನ್ನಷ್ಟೇ ಕೇಳುವ ಕಿವಿ ಬೆಳೆಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ನಿಧಾನಗತಿಯ ಕೃತಿಗಳನ್ನು ನಸುಕಿನಲ್ಲಿ, ಕಿಟಕಿ ತೆರೆದು, ಫ್ಯಾನ್ ಕೂಡ ಹಾಕದೆ ನುಡಿಸುತ್ತೇನೆ. ಬೆರಳುಗಳ ಓಟಕ್ಕೆ ಸಂಬಂಧಿಸಿದ ಅಭ್ಯಾಸವನ್ನು ಹಗಲಿಗೆ ಬಿಡುತ್ತೇನೆ. ಹೆಡ್‌ಫೋನಿನಲ್ಲಿ ಎಲ್ಲವೂ ಕೇಳಿಸುತ್ತದೆ, ಆದರೆ ಕೋಣೆ ಕೇಳಿಸುವುದಿಲ್ಲ, ಮತ್ತು ಕೋಣೆಯೂ ವಾದ್ಯದ ಒಂದು ಭಾಗ.

ಎಷ್ಟು ನಿಧಾನ

ಶೋಪಾನ್‌ನ ಪುಟ್ಟ ಪಿಯಾನೊ ಕೃತಿಗಳಾದ 24 ಪ್ರೆಲ್ಯೂಡ್‌ಗಳು 1839ರಲ್ಲಿ ಪ್ರಕಟವಾದವು. ಅವುಗಳಲ್ಲಿ ನಾಲ್ಕನೆಯದು, ಇ ಮೈನರ್‌ನದು, ಒಂದೇ ಪುಟದಲ್ಲಿ ಮುಗಿಯುತ್ತದೆ. ಬೆರಳುಗಳಿಗೆ ಅದರಲ್ಲಿ ಹೆಚ್ಚೇನೂ ಕಷ್ಟವಿಲ್ಲವೆಂದು ಕಲಿಯುವವರಿಗೆ ಬೇಗನೆ ಕೊಡುತ್ತಾರೆ. ಅದಕ್ಕಿಂತ ಕಷ್ಟದ ಪುಟವನ್ನು ನಾನು ಕಂಡಿಲ್ಲ. ಬಲಗೈಯಲ್ಲಿ ಬಿ ಎಂಬ ಸ್ವರ ಉದ್ದಕ್ಕೆ ನಿಲ್ಲುತ್ತದೆ, ಆಮೇಲೆ ಸಿ ಒಂದು ನಿಟ್ಟುಸಿರಿನಷ್ಟು ಬಂದು ಮತ್ತೆ ಬಿಗೆ ಮರಳುತ್ತದೆ. ಮೊದಲ ಸಾಲಿನಲ್ಲಿ ಇದೇ ಮತ್ತೆ ಮತ್ತೆ. ಬಿ ನಿಂತಿರುವಾಗ ಅದರ ಕೆಳಗೆ ಎಡಗೈ ಮೂರು ಸ್ವರಗಳ ಗುಚ್ಛವನ್ನು ಆರು ಬಾರಿ ನುಡಿಸಬೇಕು. ಬಿ ಇಳಿಯುತ್ತಿದೆ, ಗುಚ್ಛಗಳು ಪ್ರತಿ ಬಾರಿಯೂ ಹೊಸದಾಗಿ ಹುಟ್ಟುತ್ತಿವೆ. ಆರನೆಯ ಗುಚ್ಛ ಬರುವ ಹೊತ್ತಿಗೂ ಬಿ ಕೇಳಿಸುತ್ತಿರಬೇಕಾದರೆ ಪ್ರತಿ ಗುಚ್ಛವೂ ಆ ಕ್ಷಣಕ್ಕೆ ಬಿ ಎಷ್ಟು ಉಳಿದಿದೆಯೋ ಅದಕ್ಕಿಂತ ಮೆಲ್ಲಗಿರಬೇಕು. ಅದರ ಜೊತೆಗೆ, ಒಂದು ಗುಚ್ಛದಿಂದ ಮುಂದಿನದಕ್ಕೆ ಹೋಗುವಾಗ ಬಹಳ ಕಡೆ ಮೂರರಲ್ಲಿ ಒಂದೇ ಸ್ವರ, ಹೆಚ್ಚಾಗಿ ಅರ್ಧ ಸ್ವರದಷ್ಟು, ಕೆಳಗಿಳಿಯುತ್ತದೆ. ಆ ಇಳಿತವೇ ಈ ಸಂಗೀತದ ದುಃಖ. ಅದು ಕೇಳಿಸಬೇಕಾದರೆ ಮೂರು ಬೆರಳುಗಳಲ್ಲಿ ಒಂದಕ್ಕೆ ಉಳಿದೆರಡಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಭಾರ ಬೇಕು, ಆದರೆ ಅದೂ ಮೇಲಿನ ಬಿಯನ್ನು ಮುಚ್ಚಬಾರದು. ಇದಕ್ಕೆ ಕೀಯಿಂದ ಬೆರಳನ್ನು ಎತ್ತದೆ, ಕೀ ಅರ್ಧ ಮೇಲೆ ಬಂದಿರುವಾಗಲೇ ಮತ್ತೆ ಇಳಿಸುವುದು ಸಹಾಯಕ. ಹಾಗೆ ಮಾಡಲು ಸಾಧ್ಯವಾದದ್ದು ಪ್ಯಾರಿಸಿನ ಸೆಬಾಸ್ಟಿಯನ್ ಎರಾರ್ ರೂಪಿಸಿದ, 1821ರಲ್ಲಿ ಪೇಟೆಂಟ್ ಆದ ಯಂತ್ರರಚನೆಯಿಂದ.

ಇನ್ನು ವೇಗ. ಶೋಪಾನ್ ಲಾರ್ಗೊ ಎಂದು ಬರೆದಿದ್ದಾನೆ, ಅಂದರೆ ಬಹಳ ನಿಧಾನ. ಆದರೆ ತಾಳದ ಒಂದು ಆವರ್ತಕ್ಕೆ ನಾಲ್ಕಲ್ಲ, ಎರಡು ಹೆಜ್ಜೆಗಳೆಂದು ಎಣಿಸುವ ಗುರುತನ್ನೂ ಹಾಕಿದ್ದಾನೆ. ದುಃಖವನ್ನು ಹೆಚ್ಚಿಸಲೆಂದು ತೀರ ನಿಧಾನವಾಗಿ ನುಡಿಸಿದರೆ ಸಿ ಬರುವ ಮೊದಲೇ ಬಿ ಅಡಗಿಹೋಗುತ್ತದೆ. ಆಮೇಲೆ ಬರುವ ಸಿಗೆ ಯಾವುದರೊಂದಿಗೂ ಸಂಬಂಧವಿರುವುದಿಲ್ಲ. ಬೇಗ ನುಡಿಸಿದರೆ ಎಡಗೈಯ ಇಳಿತಗಳಿಗೆ ಭಾರ ಬರುವುದಿಲ್ಲ. ಹೀಗಾಗಿ ಈ ಕೃತಿಯ ಗತಿಯನ್ನು ತೀರ್ಮಾನಿಸುವುದು ಭಾವನೆಯೊಂದೇ ಅಲ್ಲ, ಎದುರಿಗಿರುವ ವಾದ್ಯದಲ್ಲಿ ಆ ಒಂದು ಸ್ವರ ಎಷ್ಟು ಹೊತ್ತು ಬದುಕುತ್ತದೆ ಎಂಬುದೂ ಹೌದು. ಶಿಕ್ಷಕಿಯ ಅಪ್‌ರೈಟ್‌ನಲ್ಲಿ ನಾನು ಇದನ್ನು ನುಡಿಸುವ ಗತಿ ಮನೆಯ ಗತಿಗಿಂತ ಚುರುಕು. ಶೋಪಾನ್‌ಗೆ ಪ್ರಿಯವಾಗಿದ್ದ ಪ್ಲೆಯೆಲ್ ಪಿಯಾನೊಗಳ ಸ್ವರ ಇಂದಿನ ದೊಡ್ಡ ಪಿಯಾನೊಗಳಷ್ಟು ದೀರ್ಘವಾಗಿರಲಿಲ್ಲ; ಅವನ ಲಾರ್ಗೊ ನಮ್ಮ ಎಷ್ಟೋ ಧ್ವನಿಮುದ್ರಿಕೆಗಳ ಲಾರ್ಗೊಗಿಂತ ಹೆಚ್ಚು ನಡಿಗೆಯುಳ್ಳದ್ದಾಗಿತ್ತೆಂದು ನಾನು ಊಹಿಸುತ್ತೇನೆ. ಕುತೂಹಲದ ಸಂಗತಿಯೆಂದರೆ 1849ರ ಅಕ್ಟೋಬರ್ 30ರಂದು ಪ್ಯಾರಿಸಿನ ಮಾದೆಲೀನ್ ಚರ್ಚಿನಲ್ಲಿ ಅವನ ಅಂತ್ಯಸಂಸ್ಕಾರದ ವೇಳೆ ಇದೇ ಪ್ರೆಲ್ಯೂಡನ್ನು ಆರ್ಗನ್‌ನಲ್ಲಿ ನುಡಿಸಲಾಯಿತು. ಆರ್ಗನ್ ಪೇಟಿಯ ಕುಲದ್ದು, ಗಾಳಿಯಿಂದ ನುಡಿಯುವಂಥದ್ದು. ಅಲ್ಲಿ ಬಿ ಇಳಿಯದೆ ನಿಂತಿರುತ್ತದೆ. ನಾನು ಒಮ್ಮೆ ಊರಿನ ಪೇಟಿಯಲ್ಲಿ ಆ ಬಲಗೈ ಸಾಲನ್ನಷ್ಟೇ ನುಡಿಸಿ ನೋಡಿದ್ದೇನೆ. ಸುಂದರವಾಗಿತ್ತು, ಆದರೆ ಆ ಕೃತಿ ಅದಾಗಿರಲಿಲ್ಲ. ಇಳಿಯುವ ಗುಚ್ಛಗಳ ಮೇಲೆ ಇಳಿಯುತ್ತಿರುವ ಸ್ವರವನ್ನು ಶೋಪಾನ್ ತಿಳಿದೇ ಇಟ್ಟಿದ್ದಾನೆ. ಪಿಯಾನೊದ ಕೊರತೆಯೇ ಇಲ್ಲಿ ವಸ್ತು.

ಬೀಥೋವನ್ 1801ರಲ್ಲಿ ಬರೆದ, ಜನ ಮೂನ್‌ಲೈಟ್ ಎಂದು ಕರೆಯುವ ಸೊನಾಟಾದಲ್ಲಿ ಸಮಸ್ಯೆ ಇದರ ವಿರುದ್ಧ ದಿಕ್ಕಿನದು. ಅದರ ಮೊದಲ ಭಾಗವನ್ನು ಪೂರ್ತಿಯಾಗಿ ಡ್ಯಾಂಪರ್ ಎತ್ತಿಯೇ, ಅತ್ಯಂತ ನವಿರಾಗಿ ನುಡಿಸಬೇಕೆಂದು ಅವನು ಬರೆದಿದ್ದಾನೆ. ಅವನ ಕಾಲದ ಹಗುರ ತಂತಿಗಳ ಪಿಯಾನೊದಲ್ಲಿ ಹಿಂದಿನ ಸ್ವರಗಳು ಬೇಗ ಕರಗಿ ಹೊಸದಕ್ಕೆ ಜಾಗ ಬಿಡುತ್ತಿದ್ದವು. ಇಂದಿನ ವಾದ್ಯದಲ್ಲಿ ಹಾಗೆಯೇ ಮಾಡಿದರೆ ಎಲ್ಲವೂ ಕಲಸಿಹೋಗುತ್ತದೆ. ಬರೆದದ್ದನ್ನು ಅಕ್ಷರಶಃ ಪಾಲಿಸಿದರೆ ಬರೆದವನ ಉದ್ದೇಶ ಕೆಡುತ್ತದೆ. ಉದ್ದೇಶವನ್ನು ಉಳಿಸಲು ಪೆಡಲನ್ನು ಪೂರ್ತಿ ಎತ್ತದೆ, ಪೂರ್ತಿ ಇಳಿಸದೆ, ಹಳೆಯ ಸದ್ದನ್ನು ಸ್ವಲ್ಪಸ್ವಲ್ಪವೇ ತೆಳುವಾಗಿಸುತ್ತ ಹೋಗಬೇಕು. ಅರ್ಥೈಸುವುದೆಂದರೆ ಮನಸ್ಸಿನಲ್ಲಿ ಭಾವ ತುಂಬಿಕೊಳ್ಳುವುದೆಂದು ಭಾವಿಸುವವರಿಗೆ ನಾನು ಈ ಪಾದದ ಕೆಲಸವನ್ನು ತೋರಿಸಬಯಸುತ್ತೇನೆ. 1801ರ ವಿಯೆನ್ನಾದ ಮರ ಮತ್ತು ತಂತಿ, ಇಂದಿನ ಎರಕದ ಕಬ್ಬಿಣದ ಚೌಕಟ್ಟು, ಸ್ವರಲಿಪಿಯಲ್ಲಿ ಬರೆದ ಒಂದು ಸಾಲು, ಇವೆಲ್ಲವನ್ನೂ ಬಲಪಾದ ಕೆಲವು ಮಿಲಿಮೀಟರುಗಳಲ್ಲಿ ಹೊಂದಿಸಬೇಕಾಗುತ್ತದೆ.

ಗತಿಯನ್ನು ಸಡಿಲಿಸುವ ವಿಷಯದಲ್ಲಿ ಮಾತ್ರ ಭಜನೆ ನನಗೆ ಎಲ್ಲವನ್ನೂ ಮೊದಲೇ ಕಲಿಸಿತ್ತು. ಶೋಪಾನ್‌ನ ಶಿಷ್ಯರು ಬರೆದಿಟ್ಟಂತೆ, ಎಡಗೈ ಗತಿಯನ್ನು ಕಾಯಬೇಕು, ಹಾಡುವ ಬಲಗೈ ಅದರ ಮೇಲೆ ತಡೆದು ನಿಲ್ಲಬಹುದು, ಮುಂದೆ ಸರಿಯಬಹುದು. ಮೊಜಾರ್ಟ್ ಕೂಡ 1777ರಲ್ಲಿ ತಂದೆಗೆ ಬರೆದ ಪತ್ರದಲ್ಲಿ, ನಿಧಾನದ ಭಾಗಗಳಲ್ಲಿ ತನ್ನ ಬಲಗೈ ಏನು ಮಾಡುತ್ತಿದೆ ಎಂಬುದರ ಅರಿವೇ ಇಲ್ಲದಂತೆ ಎಡಗೈ ನಡೆಯುವುದು ಜನರಿಗೆ ಅಚ್ಚರಿ ತರುತ್ತದೆಂದು ಹೇಳಿಕೊಂಡಿದ್ದ. ತತ್ವಪದ ಹಾಡುವವರು ಇದನ್ನು ಯಾವ ಪುಸ್ತಕದ ನೆರವೂ ಇಲ್ಲದೆ ಮಾಡುತ್ತಾರೆ. ದಮ್ಮಡಿಯೂ ತಾಳವೂ ಕದಲುವುದಿಲ್ಲ; ಹಾಡುಗಾರ ತನಗೆ ಬೇಕಾದ ಮಾತಿನ ಮೇಲೆ ನಿಂತು, ತಡವಾಗಿ ಬಿಟ್ಟು, ಸಾಲಿನ ಕೊನೆಗೆ ಎಲ್ಲರ ಜೊತೆ ಬಂದು ಕೂಡುತ್ತಾನೆ. ಇ ಮೈನರ್ ಪ್ರೆಲ್ಯೂಡಿನ ನಡುವೆ ದನಿ ಏರಿ ಗತಿ ಒತ್ತರಿಸುವ ಕಡೆ ನನ್ನ ಶಿಕ್ಷಕಿ ಬಲಗೈಯನ್ನು ಬಿಡಿಸಿ ಎಡಗೈಯನ್ನು ಕಟ್ಟಿಹಾಕಲು ಹೇಳಿದಾಗ ನನಗೆ ವಿವರಣೆ ಬೇಕಾಗಲಿಲ್ಲ.

ಈಗ ಆರನೆಯ ಪ್ರೆಲ್ಯೂಡನ್ನು ಕಲಿಯುತ್ತಿದ್ದೇನೆ, ಬಿ ಮೈನರ್‌ನದು. ಶೋಪಾನ್‌ನ ಅಂತ್ಯಸಂಸ್ಕಾರದಲ್ಲಿ ನುಡಿಸಿದ ಇನ್ನೊಂದು ಅದೇ. ಇದರಲ್ಲಿ ಹಾಡು ಎಡಗೈಯಲ್ಲಿದೆ, ಬಲಗೈ ಮೇಲೆ ಗುಚ್ಛಗಳನ್ನು ಮರುಕಳಿಸುತ್ತದೆ. ಕೆಳಗಿನ ತಂತಿಗಳು ಉದ್ದ, ದಪ್ಪ. ಅವುಗಳ ಸ್ವರ ಬೇಗ ಇಳಿಯುವುದಿಲ್ಲ, ಆದ್ದರಿಂದ ನಾನು ಇಷ್ಟು ದಿನ ಕಲಿತ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆಳಗಿನಿಂದ ಏರುವ ಆ ಸಾಲಿನ ಮೊದಲ ಸ್ವರಗಳು ಮುಂದಿನವುಗಳ ಕೆಳಗೆ ಮೊಳಗುತ್ತಲೇ ಇರುತ್ತವೆ. ಪೆಡಲ್ ಬಿಟ್ಟರೆ ಸಾಲು ಒಣಗುತ್ತದೆ, ಹಿಡಿದರೆ ಏರುವ ಸ್ವರಗಳು ಮಂಕಾಗುತ್ತವೆ. ಶಿಕ್ಷಕಿಯ ಅಪ್‌ರೈಟ್‌ನಲ್ಲಿ ಸಾಲಿನ ತುದಿಯ ಸ್ವರಕ್ಕೆ ಪೆಡಲ್ ಬದಲಿಸಿದರೆ ಸಾಕು. ಮನೆಯ ವಾದ್ಯದಲ್ಲಿ ಅದಕ್ಕಿಂತ ಮೊದಲೇ ಬದಲಿಸಬೇಕೆಂದು ಕಿವಿ ಹೇಳುತ್ತದೆ, ಮತ್ತು ಹಾಗೆ ಬದಲಿಸಿದಾಗ ಕೆಳಗಿನ ಸ್ವರವನ್ನು ಪೆಡಲಿನ ಬದಲು ಕಿರುಬೆರಳಿನಿಂದಲೇ ಹಿಡಿದಿಟ್ಟುಕೊಳ್ಳುವಷ್ಟು ಎಡಗೈಯನ್ನು ಅಗಲಿಸಬೇಕಾಗುತ್ತದೆ. ಅಷ್ಟು ಅಗಲಿಸಿದಾಗ ಮಣಿಕಟ್ಟು ಬಿಗಿಯುತ್ತದೆ. ಬೆರಳುಗಳ ಜೋಡಣೆಯನ್ನು ಬದಲಿಸಿ, ಎರಡನೆಯ ಸ್ವರಕ್ಕೇ ಹೆಬ್ಬೆರಳನ್ನು ತಂದು ನೋಡುತ್ತಿದ್ದೇನೆ.